ಹಳೆಯ ದ್ರಾಕ್ಷಿ ಚಪ್ಪರದಲ್ಲಿ ಬೇಸಿಗೆಯ ಬಳ್ಳಿ ತರಕಾರಿ: ಕಲ್ಲುಕಂಬದ ದುರಸ್ತಿಯಿಂದ ಒಲೆಯವರೆಗೆ

ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ದ್ರಾಕ್ಷಿಯನ್ನು ಕಿತ್ತುಹಾಕಿದ ತೋಟಗಳ ಕಲ್ಲುಕಂಬಗಳು ಸಾಮಾನ್ಯವಾಗಿ ಬೇಲಿಗೆ ಹೋಗುತ್ತವೆ, ಇಲ್ಲವೇ ಮಾರಾಟವಾಗುತ್ತವೆ. ನಂದಿ ಬೆಟ್ಟದ ತಪ್ಪಲಿನ ನಮ್ಮ ಜಮೀನಿನಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಗೆಂದು ಹಿರಿಯರು ನಿಲ್ಲಿಸಿದ್ದ ಚಪ್ಪರವನ್ನು ಹಾಗೆ ಬಿಚ್ಚದೆ, ಹೀರೆ, ಹಾಗಲ, ಪಡವಲ, ಸೋರೆಗಳಿಗೆ ಒಗ್ಗುವಂತೆ ದುರಸ್ತಿ ಮಾಡಿದ ಕೆಲಸದ ವಿವರ ಇಲ್ಲಿದೆ. ಚಪ್ಪರವು ನೂರು ಅಡಿ ಉದ್ದ, ನೂರು ಅಡಿ ಅಗಲ. ಎಂದರೆ ಒಂಬತ್ತು ಗುಂಟೆಗೆ ಸ್ವಲ್ಪ ಹೆಚ್ಚು. ಹತ್ತು ಅಡಿಗೊಂದರಂತೆ ಹನ್ನೊಂದು ಸಾಲುಗಳಲ್ಲಿ ಒಟ್ಟು 121 ಕಂಬಗಳಿವೆ. ಪ್ರತಿ ಕಂಬವೂ ಒಂಬತ್ತು ಅಡಿ ಉದ್ದದ ಬಿಳಿಗಲ್ಲು. ಎರಡೂವರೆ ಅಡಿ ನೆಲದೊಳಗೆ, ಆರೂವರೆ ಅಡಿ ಹೊರಗೆ.

ಬೇಸಿಗೆಯ ತರಕಾರಿ ಎಂದೊಡನೆ ಯಾವ ತಳಿಯ ಬೀಜ ಎಂಬ ಪ್ರಶ್ನೆಯೇ ಎಲ್ಲರ ಬಾಯಲ್ಲಿ ಮೊದಲು ಬರುತ್ತದೆ. ಬಳ್ಳಿ ತರಕಾರಿಗಳ ಮಟ್ಟಿಗೆ ಅದು ಎರಡನೆಯ ಪ್ರಶ್ನೆ ಎಂಬುದು ನನ್ನ ಖಚಿತ ಅಭಿಪ್ರಾಯ. ಚಪ್ಪರದ ಎತ್ತರ, ತಂತಿಗಳ ನಡುವಿನ ಅಂತರ ಮತ್ತು ಕೊಳವೆಬಾವಿ ಕೊಡುವ ನೀರು ಇವು ಮೂರು ನಿಶ್ಚಯವಾದ ಮೇಲೆ ತಳಿಯ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ.

ಕಂಬ ಮತ್ತು ತಂತಿ

ದ್ರಾಕ್ಷಿಯ ಚಪ್ಪರಕ್ಕೂ ತರಕಾರಿಯ ಚಪ್ಪರಕ್ಕೂ ಹೊರನೋಟಕ್ಕೆ ವ್ಯತ್ಯಾಸವಿಲ್ಲದಿದ್ದರೂ ಹೊರೆಯ ಸ್ವಭಾವ ಬೇರೆ. ದ್ರಾಕ್ಷಿಯ ತೋಳುಗಳು ವರ್ಷಗಳು ಕಳೆದಂತೆ ಮರದಂತೆ ಬಲಿತು, ತಂತಿ ಸ್ವಲ್ಪ ಜೋತರೂ ತಮ್ಮ ಭಾರವನ್ನು ತಾವೇ ಅಷ್ಟಿಷ್ಟು ಹಂಚಿಕೊಳ್ಳುತ್ತವೆ. ಹೀರೆ, ಸೋರೆಗಳ ಎಳೆಯ ಬಳ್ಳಿಗೆ ಆ ಬಲವಿಲ್ಲ. ತಂತಿ ಜೋತಲ್ಲಿ ಬಳ್ಳಿಯೆಲ್ಲವೂ ಅಲ್ಲಿಗೇ ಜಾರಿ ಗುಂಪುಗೂಡುತ್ತದೆ, ಆ ದಟ್ಟಣೆಯಲ್ಲಿ ಗಾಳಿಯಾಡದೆ ಬೂದಿರೋಗ ಮೊದಲು ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಡೆ ಬೀಸುವ ಬಿರುಗಾಳಿ ಮತ್ತು ಆಲಿಕಲ್ಲು ಮಳೆ ಸರಿಯಾಗಿ ಬಳ್ಳಿ ತುಂಬಿ ಕಾಯಿ ಜೋತಿರುವ ಹೊತ್ತಿಗೇ ಬರುತ್ತವೆ.

ಕಂಬಗಳ ಪರೀಕ್ಷೆಗೆ ಊರಿನ ಹಿರಿಯ ಕಲ್ಲುಕುಟಿಗರೊಬ್ಬರನ್ನು ಕರೆಸಿದೆವು. ಅವರು ಕಂಬವನ್ನು ಅಲುಗಾಡಿಸಿ ನೋಡಲೇ ಇಲ್ಲ; ಸಣ್ಣ ಸುತ್ತಿಗೆಯಿಂದ ನೆಲದಿಂದ ಗೇಣು ಮೇಲೆ ಒಮ್ಮೆ, ಎದೆಯ ಎತ್ತರದಲ್ಲಿ ಒಮ್ಮೆ, ತಂತಿ ಕೂರುವ ಕಚ್ಚಿನ ಕೆಳಗೆ ಒಮ್ಮೆ ತಟ್ಟಿದರು. ಗಟ್ಟಿ ಕಲ್ಲು ಗಂಟೆಯಂತೆ ಟಣ್ ಎನ್ನುತ್ತದೆ, ಒಳಗೆ ಬಿರುಕಿದ್ದ ಕಲ್ಲು ಬೊದ್ ಎಂದು ಸುಮ್ಮನಾಗುತ್ತದೆ. "ಕಣ್ಣಿಗೆ ಕಾಣೋ ಬಿರುಕಿಗೆ ಹೆದರಬೇಡಣ್ಣ, ಸದ್ದು ಸತ್ತಿರೋ ಕಲ್ಲನ್ನ ಮಾತ್ರ ತೆಗೆಸಿಬಿಡು" ಎಂದು ಅವರು ಹೇಳಿದ್ದು ಸರಿಯಾಗಿತ್ತು. ಹೊರಗೆ ಗೀರು ಕಾಣುತ್ತಿದ್ದ ಹಲವು ಕಂಬಗಳು ಗಟ್ಟಿಯಾಗಿಯೇ ಇದ್ದವು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ವರ್ಷಾನುಗಟ್ಟಲೆ ಸಿಂಪಡಿಸಿ ನೀಲಿಗಟ್ಟಿದ್ದ, ನೋಡಲು ಅಂದವಾಗಿದ್ದ ಕೆಲವು ಕಂಬಗಳು ಕಚ್ಚಿನ ಬಳಿ ಒಡೆದಿದ್ದವು. ಅಂಥವನ್ನು ತೆಗೆದು ಹೊಸದನ್ನು ನಿಲ್ಲಿಸುವಾಗ ಒಳಗಿನ ಕಂಬಗಳಿಗೆ ಕಾಂಕ್ರೀಟ್ ಬಳಸಲಿಲ್ಲ. ಎರಡೂವರೆ ಅಡಿ ಗುಂಡಿಗೆ ಅರ್ಧ ಅಡಿಗೊಂದು ಪದರದಂತೆ ದಪ್ಪ ಜಲ್ಲಿ ಮತ್ತು ಕೆಂಪು ಮಣ್ಣನ್ನು ತುಂಬಿ, ಪ್ರತಿ ಪದರವನ್ನೂ ನೀರು ಚಿಮುಕಿಸಿ ದಿಮ್ಮಸು ಹೊಡೆದರೆ ಸಾಕಾಗುತ್ತದೆ.

ಅಂಚಿನ ಕಂಬಗಳ ಮಾತು ಬೇರೆ. ತಂತಿಗಳೆಲ್ಲವೂ ಅವನ್ನು ಒಳಕ್ಕೆ ಎಳೆಯುವುದರಿಂದ ಅವು ಹೊರಕ್ಕೆ ಸ್ವಲ್ಪ ವಾಲಿರಬೇಕು, ಮತ್ತು ಪ್ರತಿಯೊಂದಕ್ಕೂ ಹೊರಗಡೆಯಿಂದ ಓರೆಯಾಗಿ ಎಳೆದು ಕಟ್ಟಿದ ತಂತಿಯ ಆಧಾರ ಬೇಕು. ಈ ಎಳೆತಂತಿಯ ತುದಿಗೆ ಚಪ್ಪಟೆ ಕಲ್ಲೊಂದನ್ನು ಕಟ್ಟಿ ಮೂರು ಅಡಿ ಆಳದಲ್ಲಿ ಅಡ್ಡಲಾಗಿ ಹೂಳುತ್ತಾರೆ. ಹಳೆಯ ಎಳೆತಂತಿಗಳು ನೆಲದ ಮಟ್ಟದಲ್ಲೇ ತುಕ್ಕು ಹಿಡಿದು ಕತ್ತರಿಸಿದ್ದವು. ಮಣ್ಣಿನ ತೇವ ಮತ್ತು ಗಾಳಿ ಎರಡೂ ಸೇರುವ ಆ ನಾಲ್ಕು ಬೆರಳಗಲದ ಜಾಗವೇ ತಂತಿಗೆ ಮೃತ್ಯು. ಹೊಸ ತಂತಿಗೆ ಆ ಭಾಗದಲ್ಲಿ ಡಾಂಬರು ಬಳಿದು, ಹಳೆಯ ಹನಿ ನೀರಾವರಿ ಪೈಪಿನ ತುಂಡನ್ನು ತೋಳಿನಂತೆ ತೊಡಿಸಿದೆವು. ಕಂಬದ ತಲೆಯಲ್ಲಿ ತಂತಿ ಕಲ್ಲಿಗೆ ಉಜ್ಜುವಲ್ಲಿಯೂ ಇದೇ ಪೈಪಿನ ತುಂಡನ್ನು ಇಟ್ಟಿದ್ದರಿಂದ ತಂತಿಯ ಸತುವಿನ ಲೇಪ ಕೆರೆದುಹೋಗುವುದಿಲ್ಲ.

ತಂತಿಯ ಲೆಕ್ಕ ಹೀಗಿದೆ. ಸುತ್ತಂಚಿಗೆ 8 ಗೇಜಿನ ಜಿ.ಐ. (ಸತು ಲೇಪಿಸಿದ ಉಕ್ಕಿನ) ತಂತಿ 400 ಅಡಿ; ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. ಕಿಲೋಗೆ ಹತ್ತು ಮೀಟರಿನಂತೆ ಹನ್ನೆರಡು ಕಿಲೋಗೂ ಸ್ವಲ್ಪ ಹೆಚ್ಚು. ಕಂಬದಿಂದ ಕಂಬಕ್ಕೆ ಉದ್ದಕ್ಕೂ ಅಡ್ಡಕ್ಕೂ ಎಳೆಯುವ ಮುಖ್ಯ ತಂತಿ 10 ಗೇಜು, 2,200 ಅಡಿ; ಕಿಲೋಗೆ ಸುಮಾರು ಹದಿನೈದು ಮೀಟರ್ ಬರುವುದರಿಂದ 44 ಕಿಲೋ. ಮುಖ್ಯ ತಂತಿಗಳ ನಡುವೆ ಮೂರೂಕಾಲು ಅಡಿಗೊಂದರಂತೆ 14 ಗೇಜಿನ ತಂತಿ, 16 ಕಿಲೋ. ಗಂಟಿಗೂ ಎಳೆತಂತಿಗೂ ಬೇಕಾಗುವುದು ಇದರಲ್ಲಿ ಸೇರಿಲ್ಲ. ದ್ರಾಕ್ಷಿಗೆ ಒಂದೂವರೆ ಅಡಿಗೊಂದು ತಂತಿ ಎಳೆಯುವ ಪದ್ಧತಿಯಿದೆ. ತರಕಾರಿಗೆ ಅಷ್ಟು ಉಕ್ಕನ್ನು ಸುರಿಯುವ ಅಗತ್ಯ ನನಗೆ ಕಾಣಲಿಲ್ಲ. ನಡುವಿನ ಜಾಗಕ್ಕೆ ಹುರಿಯನ್ನು ಅಡ್ಡಡ್ಡ ನೇಯ್ದರೆ ಬಳ್ಳಿಯ ಕುಡಿಗಳಿಗೆ ಹಿಡಿತ ಸಿಗುತ್ತದೆ, ಹಂಗಾಮು ಮುಗಿದ ಮೇಲೆ ಒಣಬಳ್ಳಿಯ ಸಮೇತ ಕತ್ತರಿಸಿ ತೆಗೆಯಲೂ ಬರುತ್ತದೆ. ಪ್ಲಾಸ್ಟಿಕ್ ಹುರಿ ಅಗ್ಗ, ಆದರೆ ಒಣಬಳ್ಳಿಯೊಂದಿಗೆ ಗೊಬ್ಬರದ ಗುಂಡಿಗೆ ಹೋಗಿ ಮುಂದೆ ಹೊಲಕ್ಕೆಲ್ಲ ಹರಡುತ್ತದೆ. ಸೆಣಬಿನ ಹುರಿಗೆ ಹೆಚ್ಚು ಹಣ ಕೊಟ್ಟಿದ್ದಕ್ಕೆ ಇದೇ ಕಾರಣ.

ತಂತಿ ಬಿಗಿಯುವುದನ್ನು ಬೆಳಗಿನ ತಂಪಿನಲ್ಲಿ ಮಾಡಿದೆವು. ನೂರು ಅಡಿ ಉಕ್ಕಿನ ತಂತಿ ಇಪ್ಪತ್ತು ಡಿಗ್ರಿ ಬಿಸಿಯೇರಿದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಮಧ್ಯಾಹ್ನದ ಉರಿಯಲ್ಲಿ ಹಿಗ್ಗಿರುವ ತಂತಿಯನ್ನು ಪೂರ್ತಿ ಬಿಗಿದರೆ ಅದು ರಾತ್ರಿ ಕುಗ್ಗುವಾಗ ಅಂಚಿನ ಕಂಬವನ್ನು ಪ್ರತಿದಿನವೂ ಒಳಕ್ಕೆ ಜಗ್ಗುತ್ತದೆ. ಮೊದಲು ಸುತ್ತಂಚು, ಆಮೇಲೆ ನಡುವಿನ ಮುಖ್ಯ ತಂತಿ, ಅಲ್ಲಿಂದ ಎರಡೂ ಬದಿಗೆ ಒಂದೊಂದಾಗಿ ಬಿಗಿಯುತ್ತ ಹೋದರೆ ಎಳೆತ ಸಮನಾಗಿರುತ್ತದೆ. ಪ್ರತಿ ಮುಖ್ಯ ತಂತಿಯ ಒಂದು ತುದಿಗೆ ತಿರುಪಿನಿಂದ ಬಿಗಿ ಮಾಡುವ ಟರ್ನ್‌ಬಕಲ್ ಹಾಕಿಸಿದ್ದು ದುಬಾರಿಯೆನಿಸಿದರೂ ಮೇ ತಿಂಗಳಲ್ಲಿ ಅದರ ಬೆಲೆ ತಿಳಿಯಿತು. ಬಳ್ಳಿ ತುಂಬಿದ ಚಪ್ಪರದ ತಂತಿಯನ್ನು ಬಿಚ್ಚಿ ಮತ್ತೆ ಕಟ್ಟುವುದು ಸಾಧ್ಯವೇ ಇಲ್ಲ, ತಿರುಪನ್ನು ಒಂದೆರಡು ಸುತ್ತು ತಿರುಗಿಸುವುದು ಮಾತ್ರ ಸಾಧ್ಯ.

ನೀರು, ಮಣ್ಣು, ಸಸಿ

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಂಬದ ಸಾಲಿನ ಬುಡದಲ್ಲೇ 16 ಮಿಲಿಮೀಟರಿನ ಪೈಪು, ಗಿಡಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್. ಸೋರೆಯನ್ನು ಆರು ಅಡಿಗೊಂದು, ಉಳಿದವನ್ನು ಮೂರು ಅಡಿಗೊಂದು ನೆಟ್ಟಾಗ ಒಟ್ಟು 330 ಗಿಡಗಳಿಗೆ ಗಂಟೆಗೆ ಸುಮಾರು 2,640 ಲೀಟರ್ ಬೇಕಾಗುತ್ತದೆ. ಅಷ್ಟನ್ನು ಒಮ್ಮೆಲೇ ಕೊಡುವ ಶಕ್ತಿ ಕೊಳವೆಬಾವಿಗೆ ಇಲ್ಲದ ಕಾರಣ ಚಪ್ಪರವನ್ನು ಎರಡು ಭಾಗ ಮಾಡಿ ವಾಲ್ವು ಇಟ್ಟೆವು. ಬಿಸಿಲೇರಿದ ಮೇಲೆ ಒಂದೇ ಸಲ ಒಂದು ಗಂಟೆ ಬಿಡುವುದಕ್ಕಿಂತ ಮುಂಜಾನೆ ಅರ್ಧ ಗಂಟೆ, ಇಳಿಹೊತ್ತಿಗೆ ಅರ್ಧ ಗಂಟೆ ಬಿಡುವುದು ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿಗೆ ಹಿತ. ಹೀರೆ ಮತ್ತು ಸೋರೆ ನೀರಿನ ಏರುಪೇರಿಗೆ ಎಳೆಗಾಯಿ ಉದುರಿಸಿ ಉತ್ತರ ಕೊಡುತ್ತವೆ. ಬುಡಕ್ಕೆ ರಾಗಿ ಹುಲ್ಲು ಹೊದಿಸಬಹುದೆಂದು ಕೆಲವರು ಸಲಹೆ ಮಾಡುತ್ತಾರೆ. ಹಸು ಕಟ್ಟಿರುವ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಹೊಂಗೆಯ ತರಗೆಲೆ ಹೊದಿಸಿದೆವು. ಗುಂಡಿಗೆ ಎರಡು ಮೂರು ಕಿಲೋ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ.

ಜನವರಿಯ ಚಳಿಯಲ್ಲಿ ಬಿತ್ತಿದ ಹಾಗಲದ ಬೀಜ ನೆಲದಲ್ಲಿ ಸುಮ್ಮನೆ ಕೂರುತ್ತದೆ. ಬೀಜವನ್ನು ಒಂದು ಹಗಲು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿನ ಜಾಗದಲ್ಲಿಟ್ಟು, ಮೊಳಕೆ ಒಡೆದ ಮೇಲೆ ತೆಂಗಿನ ನಾರಿನ ಪುಡಿ ತುಂಬಿದ ಪ್ರೋಟ್ರೇಗೆ (ಸಣ್ಣ ಗುಳಿಗಳಿರುವ ಸಸಿ ತಟ್ಟೆಗೆ) ಹಾಕಿದೆವು. ರಥಸಪ್ತಮಿಯ ಹೊತ್ತಿಗೆ ರಾತ್ರಿಯ ಚಳಿ ಇಳಿಯುತ್ತದೆ. ಎರಡು ಎಲೆ ಬಿಟ್ಟ ಸಸಿಯನ್ನು ಆಗ ನಾಟಿ ಮಾಡಬೇಕು. ಹೀರೆ, ಹಾಗಲ, ಸೋರೆಗಳು ಸೇರಿದ ಈ ಕುಂಬಳದ ಕುಲದ ಗಿಡಗಳು ಬೇರು ಕದಲುವುದನ್ನು ಸಹಿಸುವುದಿಲ್ಲವಾದ್ದರಿಂದ ಸಸಿ ಟ್ರೇಯಲ್ಲಿ ಬಲಿಯಲು ಬಿಡಬಾರದು.

ತಳಿಗಳ ಆಯ್ಕೆ

ಬೀಜದ ಬಹುಪಾಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳದ್ದು. ಹೀರೆಯಲ್ಲಿ ಅರ್ಕಾ ಸುಮೀತ್ ಉದ್ದವಾದ, ಕಡುಹಸಿರು ಕಾಯಿ ಕೊಡುತ್ತದೆ. ಅರ್ಕಾ ಸುಜಾತ್‌ನ ಕಾಯಿ ಅದಕ್ಕಿಂತ ಗಿಡ್ಡ. ಸಂತೆಗೆ ಉದ್ದದ ಕಾಯಿಯೇ ಚೆಂದ, ಮನೆಗೆ ಗಿಡ್ಡದ್ದೇ ಅನುಕೂಲ ಎಂದು ಎರಡೂ ಸಾಲು ಹಾಕಿದೆವು. ಹಾಗಲದಲ್ಲಿ ಅರ್ಕಾ ಹರಿತ್‌ನ ಕಾಯಿ ಕದಿರಿನ ಆಕಾರದ ಗಿಡ್ಡ ಹಸಿರು ಕಾಯಿ, ಬೀಜ ಕಡಿಮೆ, ಕಹಿಯೂ ಮಿತ. ತಮಿಳುನಾಡಿನ ಕಡೆಯ ಕೊಯಮತ್ತೂರು ಲಾಂಗ್ ಬೆಳ್ಳಗೆ, ಉದ್ದಕ್ಕೆ ಇರುತ್ತದೆ. ಗೊಜ್ಜಿಗೆ ಹರಿತ್, ಬಿಲ್ಲೆ ಕತ್ತರಿಸಿ ಹುರಿಯಲು ಉದ್ದದ್ದು ಎಂದು ಮನೆಯ ಹೆಂಗಸರು ತೀರ್ಪು ಕೊಟ್ಟಿದ್ದಾರೆ. ಸೋರೆಯಲ್ಲಿ ಅರ್ಕಾ ಬಹಾರ್‌ಗೆ ಕೊಕ್ಕೆ ಕುತ್ತಿಗೆ ಇರುವುದಿಲ್ಲ, ನೇರವಾದ ತಿಳಿಹಸಿರು ಕಾಯಿ, ಕಿಲೋ ಆಸುಪಾಸಿನ ತೂಕ. ಭಾರದ ಕಾಯಿಯಾದ್ದರಿಂದ ಅದನ್ನು ಎಳೆತಂತಿಗಳ ಆಸರೆ ಸಮೀಪವಿರುವ ಎರಡು ಅಂಚಿನ ಸಾಲುಗಳಿಗೆ ಹಾಕಿದೆವು.

ಪಡವಲದ ಆಯ್ಕೆಯನ್ನು ಮಾಡಿದ್ದು ಅಳತೆ ಪಟ್ಟಿಯೇ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಕೋ-1 ತಳಿಯ ಕಾಯಿ ಒಂದೂವರೆ ಮೀಟರಿಗೂ ಉದ್ದ ಬೆಳೆಯುತ್ತದೆ. ಆರೂವರೆ ಅಡಿ ಎಂದರೆ 198 ಸೆಂಟಿಮೀಟರ್. ಅಂಥ ಕಾಯಿ ಜೋತರೆ ತುದಿ ಮೊಣಕಾಲಿಗಿಂತ ಕೆಳಗೆ ಬರುತ್ತದೆ, ಚಪ್ಪರದಡಿ ಮಂಕರಿ ಹೊತ್ತು ಓಡಾಡುವುದು ಸಾಧ್ಯವಾಗುವುದಿಲ್ಲ. ಗಿಡ್ಡ ಕಾಯಿಯ ಕೋ-2 ಹಾಕಿದೆವು. ಕಾಯಿ ಡೊಂಕಾಗದಂತೆ ತುದಿಗೆ ಕಲ್ಲು ಕಟ್ಟುವ ಕೆಲಸವೂ ಇದರಿಂದ ತಪ್ಪಿತು. ಚಪ್ಪರದ ನೆರಳು ಬೀಳದ ಪೂರ್ವದ ಅಂಚಿನಲ್ಲಿ ಒಂದು ಸಾಲು ಬೆಂಡೆ, ಅರ್ಕಾ ಅನಾಮಿಕಾ.

ಬಳ್ಳಿ, ಹೂವು, ನೊಣ

ಗಿಡದ ಬುಡದಿಂದ ತಂತಿಗೆ ಹುರಿ ಕಟ್ಟಿ ಒಂದೇ ಕಾಂಡವನ್ನು ಮೇಲೇರಿಸಬೇಕು. ದಾರಿಯಲ್ಲಿ ಒಡೆಯುವ ಕವಲುಗಳನ್ನೆಲ್ಲ ಚಿವುಟಿ, ಚಪ್ಪರಕ್ಕೆ ಗೇಣು ದೂರವಿರುವಾಗ ತುದಿಯನ್ನೂ ಚಿವುಟಿದರೆ ಮೇಲೆ ನಾಲ್ಕಾರು ಕವಲುಗಳು ಎಲ್ಲ ದಿಕ್ಕಿಗೂ ಹಬ್ಬುತ್ತವೆ. ಎಳೆಯ ಎಲೆಯನ್ನು ತೂತು ಮಾಡುವ ಕೆಂಪು ದುಂಬಿಗೆ ಬೆಳಗಿನ ಇಬ್ಬನಿಯಲ್ಲಿ ಒಲೆಯ ಬೂದಿ ಎರಚಿದರೆ ಆರಂಭದಲ್ಲಿ ಸಾಕಾಗುತ್ತದೆ. ದ್ರಾಕ್ಷಿ ಬೆಳೆದವರ ಕೈ ಬೂದಿರೋಗ ಕಂಡೊಡನೆ ಗಂಧಕದ ಡಬ್ಬಿಗೆ ಹೋಗುತ್ತದೆ. ಈ ಕುಲದ ಎಲೆಗಳು 32 ಡಿಗ್ರಿ ಮೀರಿದ ಬಿಸಿಲಿನಲ್ಲಿ ಗಂಧಕಕ್ಕೆ ಸುಟ್ಟುಹೋಗುತ್ತವೆ. ರೋಗದ ಎಲೆ ಕಿತ್ತು ಬಳ್ಳಿಯನ್ನು ಬಿಡಿಸಿ ಗಾಳಿಗೆ ದಾರಿ ಮಾಡುವುದೇ ಮೊದಲ ಕೆಲಸ.

ಮೊದಲು ಬರುವುದೆಲ್ಲ ಗಂಡು ಹೂವು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಮೊದಲೇ ಇರುತ್ತದೆ. ಜೇನುಹುಳು ಕಡಿಮೆಯಿರುವಲ್ಲಿ ಕೈಯಿಂದ ಪರಾಗ ಮುಟ್ಟಿಸುವುದಾದರೆ ಯಾವ ಹೂವು ಯಾವಾಗ ಅರಳುತ್ತದೆ ಎಂಬುದು ತಿಳಿದಿರಬೇಕು. ಹಾಗಲ ಬೆಳಗಿನ ಜಾವ ಅರಳುತ್ತದೆ. ಹೀರೆ ಮತ್ತು ಸೋರೆ ಅರಳುವುದು ಸಂಜೆಗೆ, ಪಡವಲ ಕತ್ತಲಾಗುವಾಗ. ಹೀರೆಕಾಯಿಯ ಹತ್ತಿರದ ನಂಟ ತುಪ್ಪದ ಹೀರೆ ಮಾತ್ರ ಬೆಳಗ್ಗೆ ಅರಳುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ಹೀರೆಯ ಚಪ್ಪರದಡಿ ಹೋಗಿ ಹೂವು ಬಾಡಿದೆಯೆಂದು ಕೊರಗುವವರಿದ್ದಾರೆ. ಹಿಂದಿನ ಸಂಜೆಯೇ ಅದರ ಕೆಲಸ ಮುಗಿದಿರುತ್ತದೆ.

ಹಾಗಲ ಮತ್ತು ಹೀರೆಯ ನಿಜವಾದ ಶತ್ರು ಹಣ್ಣುನೊಣ. ಎಳೆಗಾಯಿಯ ಸಿಪ್ಪೆಯಡಿ ಅದು ಮೊಟ್ಟೆಯಿಟ್ಟಲ್ಲಿ ಅಂಟಿನ ಹನಿಯೊಂದು ಕಾಣುತ್ತದೆ, ಮುಂದೆ ಕಾಯಿ ಅಲ್ಲಿಯೇ ಡೊಂಕಾಗಿ ಹಳದಿಗಟ್ಟುತ್ತದೆ. ಮಾವಿನ ನೊಣವನ್ನು ವಾಸನೆಯಿಂದ ಸೆಳೆಯಲು ಬಳಸುವ ಮಿಥೈಲ್ ಯೂಜಿನಾಲ್ ಬಲೆ ಇಲ್ಲಿ ಪ್ರಯೋಜನಕ್ಕೆ ಬಾರದು; ಬಳ್ಳಿ ತರಕಾರಿಯ ನೊಣ ಕ್ಯೂಲೂರ್ ವಾಸನೆಗೆ ಬರುತ್ತದೆ. ಅಂಗಡಿಯಲ್ಲಿ ಕೇಳುವಾಗ ಈ ಹೆಸರನ್ನು ಹೇಳಿಯೇ ಕೇಳಬೇಕು. ಬಲೆಗೆ ಬೀಳುವುದು ಗಂಡು ನೊಣ ಮಾತ್ರವಾದ್ದರಿಂದ ಕೊಳೆತ ಕಾಯಿಗಳನ್ನು ಆಯ್ದು ಎರಡು ಅಡಿ ಆಳದಲ್ಲಿ ಹೂಳುವ ಕೆಲಸವನ್ನು ಬಿಡುವಂತಿಲ್ಲ. ಮನೆಗೆಂದು ಇಟ್ಟುಕೊಂಡ ಹಾಗಲಗಳಿಗೆ ಹಳೆಯ ಪತ್ರಿಕೆಯ ಕೊಳವೆ ತೊಡಿಸಿದೆವು.

ಒಲೆಯ ಮೇಲೆ

ತಳಿ ಯಾವುದೇ ಇರಲಿ, ಒಂದೆರಡು ದಿನ ತಡವಾಗಿ ಕೊಯ್ದರೆ ಅಡುಗೆಯೇ ಬದಲಾಗಬೇಕಾಗುತ್ತದೆ. ಹೀರೆಯ ಏಣನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಬಾಗಿದರೆ ಎಳೆಯದು, ಲಟಕ್ಕೆಂದರೆ ಸಾರಿಗೆ ಸರಿ, ಉಗುರೇ ಇಳಿಯದಿದ್ದರೆ ಬೀಜಕ್ಕೆ ಬಿಡಬೇಕು. ಎಳೆಯ ಹೀರೆಯ ಏಣನ್ನಷ್ಟೇ ಹೆರೆದು, ತೊಗಟೆಯ ಹಸಿರು ಉಳಿಸಿ, ಹೆಸರುಬೇಳೆಯ ಕೂಟು ಮಾಡುವುದು ನಮ್ಮ ಮನೆಯ ಪದ್ಧತಿ. ಬೇಳೆಯನ್ನು ಮುಕ್ಕಾಲು ಬೇಯಿಸಿಕೊಂಡು ಹೋಳು ಹಾಕಿದ ಮೇಲೆ ನೀರು ಸೇರಿಸಬಾರದು. ಹೀರೆ ತಾನೇ ಬಿಡುವ ನೀರಿನಲ್ಲಿ ಬೇಯುತ್ತದೆ. ಹಸಿ ಹೋಳು ಪಾತ್ರೆ ತುಂಬ ಕಂಡು ಆಗಲೇ ಉಪ್ಪು ಹಾಕಿದರೆ, ಬೆಂದು ಕುಗ್ಗಿದಾಗ ಉಪ್ಪೇ ಮುಂದಾಗುತ್ತದೆ. ಕೊನೆಗೆ ಉಪ್ಪು, ತೆಂಗಿನಕಾಯಿ, ಜೀರಿಗೆ, ಹಸಿಮೆಣಸಿನಕಾಯಿ ಅರೆದದ್ದು, ಸಾಸಿವೆ, ಇಂಗಿನ ಒಗ್ಗರಣೆ.

ಹೆರೆದ ಏಣು, ಸಿಪ್ಪೆ ಚಟ್ನಿಗೆ. ಎರಡು ಚಮಚ ಎಣ್ಣೆಯಲ್ಲಿ ಎರಡು ಚಮಚ ಉದ್ದಿನಬೇಳೆ, ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ ಹುರಿದು ತೆಗೆದು, ಅದೇ ಬಾಣಲೆಯಲ್ಲಿ ಸಣ್ಣಗೆ ಹೆಚ್ಚಿದ ಸಿಪ್ಪೆಯನ್ನು ಸಣ್ಣ ಉರಿಯಲ್ಲಿ ಬಾಡಿಸಬೇಕು. ಮೊದಲು ಹಸಿ ಹುಲ್ಲಿನ ವಾಸನೆ ಬರುತ್ತದೆ, ಅದು ಹೋಗಿ ಹುರಿದ ಕಾಳಿನ ವಾಸನೆ ಏಳುವವರೆಗೆ ಕಾಯದಿದ್ದರೆ ಚಟ್ನಿ ನಾಲಿಗೆಗೆ ಒರಟಾಗಿ ಉಳಿಯುತ್ತದೆ. ಹುಣಸೆಹಣ್ಣು, ಉಪ್ಪು, ಸ್ವಲ್ಪ ತೆಂಗಿನಕಾಯಿ ಸೇರಿಸಿ ತರಿಯಾಗಿ ರುಬ್ಬಿದರಾಯಿತು.

ಹಾಗಲದ ಕಹಿಯನ್ನು ಉಪ್ಪು ಬೆರೆಸಿ ಹಿಂಡಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ, ಅರ್ಕಾ ಹರಿತ್‌ನಂಥ ತಳಿಯಲ್ಲಂತೂ ಅದು ಅನಗತ್ಯ. ಅರ್ಧ ಕಿಲೋ ಹಾಗಲವನ್ನು ತೆಳ್ಳಗೆ ಹೆಚ್ಚಿ, ಅಂಚು ಕೆಂಪಗಾಗುವವರೆಗೆ ಎಣ್ಣೆಯಲ್ಲಿ ಹುರಿದು, ನಿಂಬೆ ಗಾತ್ರದ ಹುಣಸೆಯ ರಸ, ಅದರ ಎರಡರಷ್ಟು ಬೆಲ್ಲ, ಎರಡು ಚಮಚ ಸಾರಿನ ಪುಡಿ ಹಾಕಿ ಕುದಿಸಬೇಕು. ರಸ ಕುದಿದು ಎಣ್ಣೆ ಅಂಚಿಗೆ ಬಿಟ್ಟಾಗ ಹುರಿದು ಪುಡಿ ಮಾಡಿದ ಹುಚ್ಚೆಳ್ಳು ಎರಡು ದೊಡ್ಡ ಚಮಚ. ಬಿಳಿ ಎಳ್ಳು ಹಾಕುವವರಿದ್ದಾರೆ, ಆದರೆ ಹುಚ್ಚೆಳ್ಳಿನ ಘಮಕ್ಕೆ ಅದು ಸಮವಲ್ಲ. ಈ ಗೊಜ್ಜು ಮಾಡಿದ ದಿನಕ್ಕಿಂತ ಮರುದಿನ ರುಚಿ.

ಪಡವಲವನ್ನು ಸೀಳಿದಾಗ ಸಿಗುವ ತಿರುಳು ಮತ್ತು ಎಳೆಯ ಬೀಜವನ್ನು ಎಸೆಯದೆ ಹುರಿದು ಹಸಿಮೆಣಸಿನಕಾಯಿಯೊಂದಿಗೆ ಚಟ್ನಿ ಮಾಡಬಹುದು; ಹೋಳಿಗೆ ನೆನೆಸಿದ ಕಡಲೆಬೇಳೆ ಹಾಕಿ ಪಲ್ಯ.

ಸೋರೆಯ ವಿಷಯದಲ್ಲಿ ಒಂದು ನಿಯಮವನ್ನು ಮೀರಬಾರದು. ಹೆಚ್ಚುವ ಮೊದಲು ಪ್ರತಿ ಕಾಯಿಯಿಂದಲೂ ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಬೇಕು, ಕಹಿಯಿದ್ದರೆ ಉಗುಳಿ ಇಡೀ ಕಾಯಿಯನ್ನು ತಿಪ್ಪೆಗೆ ಹಾಕಬೇಕು. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ, ಬೆಲ್ಲ ಹಾಕಿದರೂ ಅಡಗುವುದಿಲ್ಲ. ಹಸಿಯ ರಸ ಕುಡಿದು ಪ್ರಾಣಕ್ಕೆ ಅಪಾಯ ತಂದುಕೊಂಡವರಿದ್ದಾರೆ. ಒಳ್ಳೆಯ ಕಾಯಿಯನ್ನು ತೊಗರಿಬೇಳೆಯ ಹುಳಿಗೆ ದಪ್ಪ ಹೋಳು ಮಾಡಿ ಹಾಕಿದರೆ ರಾಗಿ ಮುದ್ದೆಗೆ ಹೇಳಿ ಮಾಡಿಸಿದಂತಿರುತ್ತದೆ. ನೆನೆಸಿದ ಅಕ್ಕಿ ಎರಡು ಲೋಟಕ್ಕೆ ಹೆಚ್ಚಿದ ಸೋರೆ ಎರಡು ಲೋಟ ಸೇರಿಸಿ ರುಬ್ಬಿದರೆ ಹುದುಗು ಬರುವವರೆಗೆ ಕಾಯದೆ ಮೆತ್ತನೆಯ ದೋಸೆ ಹುಯ್ಯಬಹುದು, ನೀರನ್ನು ಮಾತ್ರ ಕೈಬಿಗಿ ಹಿಡಿದು ಹಾಕಬೇಕು. ಬೆಂಡೆಯನ್ನು ತೊಳೆದು ಒರೆಸಿ ಹೆಚ್ಚುವುದು, ಲೋಳೆ ಬಿಟ್ಟರೆ ಹುಣಸೆ ರಸ ಚಿಮುಕಿಸುವುದು ಎಲ್ಲರಿಗೂ ತಿಳಿದದ್ದೇ.

ಜೂನ್ ತಿಂಗಳಲ್ಲಿ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ಚಪ್ಪರದ ಮೇಲೆಯೇ ಒಣಗಲು ಬಿಟ್ಟು, ಆಮೇಲೆ ಹುರಿಯ ಸಮೇತ ಇಳಿಸಿದರೆ ತಂತಿಗೆ ಜಗ್ಗಾಟವಿಲ್ಲ. ಮತ್ತೆ ಇದೇ ಕುಲದ ಬಳ್ಳಿ ಹಾಕಿದರೆ ಹಣ್ಣುನೊಣಕ್ಕೆ ಔತಣ ಕೊಟ್ಟಂತೆ. ಮುಂಗಾರಿಗೆ ಅದೇ ಚಪ್ಪರಕ್ಕೆ ಗಜ ಉದ್ದದ ಅಲಸಂದೆ, ಅರ್ಕಾ ಮಂಗಳಾ, ಹಬ್ಬಿಸುತ್ತಿದ್ದೇವೆ. ಹೀರೆಯ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳುವವರು ಸುಮೀತ್ ಮತ್ತು ಸುಜಾತ್ ಪಕ್ಕಪಕ್ಕದಲ್ಲಿದ್ದರೆ ಬೆರಕೆಯಾಗುವುದನ್ನು ನೆನಪಿಡಬೇಕು. ಸಂಜೆ ಅರಳಲಿರುವ ಹೆಣ್ಣು ಮೊಗ್ಗಿನ ಮತ್ತು ಅದೇ ತಳಿಯ ಗಂಡು ಮೊಗ್ಗಿನ ಬಾಯಿಯನ್ನು ಮಧ್ಯಾಹ್ನವೇ ನೂಲಿನಿಂದ ಕಟ್ಟಿ, ಕತ್ತಲಾಗುವ ಮುನ್ನ ಬಿಚ್ಚಿ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರದ ಗುರುತು ಹಾಕಬೇಕು. ಆ ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಎಂದಾಗ ಮಾತ್ರ ಕೊಯ್ದು, ತುದಿ ಮುರಿದು ಬೀಜ ಸುರಿದುಕೊಳ್ಳಬೇಕು.